ಉಡಿದಾರದ ಕೆಳಗಿನ ಕಪ್ಪು ಗುರುತು

ನನ್ನ ಎರಡೂ ಕೈಗಳ ಮೇಲೆ ಮೊಣಕೈವರೆಗೆ ಸುಟ್ಟ ಗುರುತುಗಳಿವೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು, ಉಡುಪಿ ಕಡೆಯ ಹಳ್ಳಿಯಿಂದ ಕಲ್ಕತ್ತೆಗೆ ಬಂದು, ಇನ್ನೊಬ್ಬರ ಹೋಟೆಲಿನ ಒಲೆ ಮುಂದೆ ಹತ್ತು ವರ್ಷ ನಿಂತು, ಆಮೇಲೆ ಲೇಕ್ ಮಾರ್ಕೆಟಿನ ಹತ್ತಿರ ನನ್ನದೇ ಹೋಟೆಲು ಹಾಕಿದವನು ನಾನು. ಓದಿದವರು ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕುತ್ತಾರೆ, ನನ್ನದು ಕೈಮೇಲೆಯೇ ಉಂಟು ಅಂತ ಬಂದವರಿಗೆಲ್ಲ ಹೇಳುತ್ತಿದ್ದೆ. ಈ ಹೆಮ್ಮೆಯಿಂದ ಒಮ್ಮೆ ನನ್ನ ಭಾವನ ಜೀವ ಹೋಗುವುದರಲ್ಲಿತ್ತು. ಉಳಿಸಿದವರು ಒಬ್ಬ ಡಾಕ್ಟರು. ಅವರಿಗೆ ಆಗ ಮೂವತ್ತು ವರ್ಷ ತುಂಬಿತ್ತೋ ಇಲ್ಲವೋ.

ಕೆಂಪು ಬಾವುಟದ ಸರ್ಕಾರ ಬಂದು ಹತ್ತು ಹನ್ನೆರಡು ವರ್ಷವಾಗಿದ್ದಿರಬೇಕು. ನನ್ನ ಅಕ್ಕ, ಭಾವ ಇಬ್ಬರನ್ನೂ ನಾನೇ ಊರಿನಿಂದ ಕರೆಸಿಕೊಂಡಿದ್ದೆ. ಬೆಹಾಲಾದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಮೂವರೂ ಅಲ್ಲೇ. ಬೆಳಿಗ್ಗೆ ನಾನೂ ಭಾವನೂ ಮೊದಲ ಬಸ್ಸು ಹಿಡಿದು ಹೋಟೆಲಿಗೆ. ಬಾಣಲೆ ಮತ್ತು ದೋಸೆ ಕಾವಲಿ ನನ್ನದು. ಅನ್ನ, ಸಾಂಬಾರು, ಬಡಿಸುವುದು ಭಾವನದು. ಬಾಣಲೆಯ ಹತ್ತಿರ ನಾನು ಯಾರನ್ನೂ ಬಿಡುತ್ತಿರಲಿಲ್ಲ.

ಭಾವನಿಗೆ ಇನ್ನೊಂದು ಕೆಲಸವಿತ್ತು, ಅದನ್ನು ಅವರು ತಾವೇ ತಲೆಮೇಲೆ ಹಾಕಿಕೊಂಡದ್ದು. ಬಾಳೆಎಲೆ. ಕಲ್ಕತ್ತೆಯ ಮಾರ್ಕೆಟಿನಲ್ಲಿ ಬಾಳೆಎಲೆಗೇನೂ ಬರವಿಲ್ಲ. ಆದರೆ ಅಲ್ಲಿ ಸಿಗುವುದು ನಡುವೆ ಸೀಳಿ, ಚೌಕವಾಗಿ ಕತ್ತರಿಸಿದ ತುಂಡುಗಳು. ನಮಗೆ ಶುಭಕಾರ್ಯದ ಊಟಕ್ಕೆ ತುದಿ ಇರುವ ಎಲೆಯೇ ಆಗಬೇಕು. ನಮ್ಮ ಕಡೆ ಅದಕ್ಕೆ ಕೊಡಿ ಎಲೆ ಅನ್ನುತ್ತೇವೆ. ಉಣ್ಣುವವನ ಎಡಕ್ಕೆ ತುದಿ ಬರುವ ಹಾಗೆ ಹಾಸಬೇಕು. ತುಂಡು ಎಲೆ ನೋಡಿದ ಮೊದಲ ದಿನವೇ ಭಾವ ಮುಖ ಸಿಂಡರಿಸಿದ್ದರು.

"ಎಂತ ಮಾರಾಯ, ಕಲ್ಕತ್ತೆಯಲ್ಲಿ ಬಾಳೆಗೆ ತುದಿಯೇ ಬೆಳೆಯುದಿಲ್ಲವಾ?"

"ಬೆಳೀತದೆ ಭಾವ. ಇವರು ಕತ್ತರಿಸಿ ಬಿಸಾಡ್ತಾರೆ."

"ಹಾಗಾದ್ರೆ ಬಿಸಾಡುವ ಮೊದಲೇ ನಾನು ಹೋಗಿ ನಿಲ್ತೇನೆ."

ಹಾಗೇ ಮಾಡಿದರು. ಬೆಹಾಲಾದ ಆಚೆ, ಬಸ್ಸು ತಿರುಗುವ ಜಾಗದಿಂದಲೂ ಒಂದು ಮೈಲು ಒಳಗೆ, ಆಗ ಮನೆಗಳು ಇನ್ನೂ ಎದ್ದಿರಲಿಲ್ಲ. ಪುಕುರ್ ಎಂದು ಇಲ್ಲಿಯವರು ಕರೆಯುವ ಕೆರೆಗಳು, ಅವುಗಳ ದಂಡೆಯಲ್ಲಿ ಬಾಳೆಯ ಗುಂಪುಗಳು, ಸುತ್ತ ಸೊಂಟದೆತ್ತರ ಹುಲ್ಲು, ಪೊದೆ. ಒಬ್ಬ ಮುದುಕನ ಹತ್ತಿರ ಮಾತಾಡಿಕೊಂಡು, ದೊಡ್ಡ ಊಟ ಇದ್ದಾಗಲೆಲ್ಲ ಹಿಂದಿನ ದಿನ ಕತ್ತಿ ಹಿಡಿದುಕೊಂಡು ಭಾವ ಅಲ್ಲಿಗೆ ಹೋಗುತ್ತಿದ್ದರು. ಒಂದು ಲುಂಗಿ ಎತ್ತಿ ಕಟ್ಟಿ, ಬರಿಮೈಯಲ್ಲಿ ಎಲೆ ಕೊಯ್ದು, ಹುಲ್ಲಿನ ಮೇಲೆ ಕಾಲು ಚಾಚಿ ಕೂತು ಒಂದೊಂದನ್ನೇ ಒರೆಸಿ, ಸುರುಳಿ ಸುತ್ತಿ ತರುತ್ತಿದ್ದರು. ಒಂದು ಎಲೆಯೂ ಹರಿದಿರುತ್ತಿರಲಿಲ್ಲ.

ಆ ವರ್ಷ ದುರ್ಗಾಪೂಜೆ ಮುಗಿದ ಮೇಲೆ, ಬಾಲಿಗಂಜಿನಲ್ಲಿದ್ದ ನಮ್ಮ ಊರ ಕಡೆಯ ಬ್ಯಾಂಕ್ ಮ್ಯಾನೇಜರರ ಮಗಳ ನಿಶ್ಚಿತಾರ್ಥದ ಊಟ ನಮಗೆ ಬಂತು. ಗಂಡಿನ ಕಡೆಯವರು ಮಂಗಳೂರಿನಿಂದ ಬರುವವರು. ನೂರೈವತ್ತು ಜನಕ್ಕೂ ಕೊಡಿ ಎಲೆಯಲ್ಲೇ ಬಡಿಸುತ್ತೇನೆ ಅಂತ ನಾನು ಮಾತು ಕೊಟ್ಟುಬಿಟ್ಟೆ. ಭಾವನಿಗೆ ಊಟದ ಹಿಂದಿನ ಇಡೀ ದಿನ ಆ ಪೊದೆಯಲ್ಲೇ ಕಳೆಯಿತು. ಮರುದಿನ ಪಂಕ್ತಿಯಲ್ಲಿ ಕೂತ ಗಂಡಿನ ಅಜ್ಜಿ ಎಲೆಯ ತುದಿಯನ್ನು ಬೆರಳಿನಿಂದ ಸವರಿ, "ಇದು ಊರಿಂದ ತರಿಸಿದ್ದಾ?" ಅಂತ ಕೇಳಿದರು. ನನಗೆ ಅಷ್ಟು ಸಾಕಾಗಿತ್ತು. ಒಂದು ವಾರ ಆ ಮಾತನ್ನೇ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಭಾವನಿಗೆ ಜ್ವರ ಬಂತು. ತಲೆ ಸಿಡಿಯುವ ನೋವು, ಕಣ್ಣು ಕೆಂಪು, ಮೈಯೆಲ್ಲ ಒನಕೆಯಲ್ಲಿ ಕುಟ್ಟಿದ ಹಾಗೆ. ಮೂರನೆಯ ದಿನ ಅಕ್ಕ ಒದ್ದೆಬಟ್ಟೆಯಿಂದ ಮೈ ಒರೆಸುವಾಗ ನನ್ನನ್ನು ಕರೆದಳು.

"ತಮ್ಮ, ಇಲ್ಲಿ ನೋಡು. ಉಡಿದಾರದ ಹತ್ತಿರ ಎಂತದೋ ಕಪ್ಪಾಗಿದೆ."

ನಾನು ಬಾಗಿಲಲ್ಲೇ ನಿಂತು ನೋಡಿದೆ. ಒಂದು ಸಣ್ಣ ಕಪ್ಪು ಹಕ್ಕಳೆ. "ಎಣ್ಣೆ ಸಿಡಿದದ್ದು ಅಕ್ಕ. ನನ್ನ ಕೈಯಲ್ಲಿ ಇಂಥದ್ದು ಎಷ್ಟಿಲ್ಲ? ಸ್ವಲ್ಪ ತೆಂಗಿನೆಣ್ಣೆ ಹಚ್ಚು." ಹೀಗೆ ಹೇಳಿ ಬಸ್ಸಿಗೆ ಓಡಿದೆ. ಅಕ್ಕ ತೆಂಗಿನೆಣ್ಣೆ ಹಚ್ಚಿದಳು. ಸುಟ್ಟಗಾಯದ ವಿಷಯದಲ್ಲಿ ನಮ್ಮ ಮನೆಯಲ್ಲಿ ನನ್ನ ಮಾತಿಗೆ ಎದುರಿಲ್ಲ.

ನಮ್ಮ ಕೇರಿಯ ಡಾಕ್ಟರು ನೋಡಿ ಟೈಫಾಯಿಡ್ ಅಂದರು. ತಪ್ಪು ಅವರದ್ದಲ್ಲ, ಆ ಸಮಯದಲ್ಲಿ ಓಣಿಯ ಎರಡು ಮೂರು ಮನೆಯಲ್ಲಿ ಟೈಫಾಯಿಡ್ ಇತ್ತು. ಇಂಜೆಕ್ಷನ್ ಶುರುವಾಯಿತು. ದಿನಕ್ಕೆರಡು. ಜ್ವರ ಒಂದು ಗೆರೆಯೂ ಇಳಿಯಲಿಲ್ಲ. ಮೊದಲೆಲ್ಲ ಭಾವ ತಮಾಷೆ ಮಾಡುತ್ತಿದ್ದರು, "ಈ ಡಾಕ್ಟರು ನನ್ನನ್ನು ಇಡ್ಲಿ ಅಂತ ಮಾಡಿಕೊಂಡಿದ್ದಾರೆ ಮಾರಾಯ, ಬೆಂದಿದೆಯಾ ಇಲ್ಲವಾ ಅಂತ ಚುಚ್ಚಿ ಚುಚ್ಚಿ ನೋಡುದು." ಆಮೇಲೆ ತಮಾಷೆ ನಿಂತಿತು. ಕೆಮ್ಮು ಬಂತು. ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಅಕ್ಕ ಗಂಜಿ ಹಿಡಿದು ಕೂತರೆ, ಅವಳನ್ನು ಅಮ್ಮ ಅಂತ ಕರೆದರು.

ಅಂದು ಬಂದ್. ಕಲ್ಕತ್ತೆಯಲ್ಲಿ ಬಂದ್ ಎಂದರೆ ನಾಯಿ ಕೂಡ ರಸ್ತೆಯ ನಡುವೆ ಮಲಗುತ್ತದೆ. ಟ್ಯಾಕ್ಸಿ ಇಲ್ಲ, ಬಸ್ಸಿಲ್ಲ. ನಾನು ಓಣಿಯ ತುದಿಯ ಕ್ಲಬ್ಬಿಗೆ ಹೋದೆ. ಕೇರಂ ಆಡುತ್ತಿದ್ದವರು ಅರ್ಧಕ್ಕೇ ಎದ್ದರು. ಪೂಜೆಯ ಪೆಂಡಾಲಿಗೆ ಬಿದಿರು ಸಾಗಿಸುವ ಅವರ ಸೈಕಲ್ ವ್ಯಾನು ಇತ್ತು, ಹಲಗೆಯದ್ದು. ಅದರ ಮೇಲೆ ಹಾಸಿಗೆ ಹಾಸಿ, ಭಾವನನ್ನು ಮಲಗಿಸಿ, ಒಬ್ಬ ತುಳಿದ, ಇಬ್ಬರು ದೂಡಿದರು. ರಸ್ತೆ ತಡೆದು ನಿಂತವರ ಹತ್ತಿರ ಅವರೇ ಮಾತಾಡಿದರು. ಅಕ್ಕ ಭಾವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ನಾನು ಪಕ್ಕದಲ್ಲಿ ಓಡುತ್ತಿದ್ದೆ. ಇವರು ಹೋದರೆ ಅಕ್ಕನಿಗೆ ನಾನು ಯಾವ ಮುಖ ತೋರಿಸುವುದು ಅನ್ನುವುದೊಂದೇ ನನ್ನ ತಲೆಯಲ್ಲಿ.

ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು. ಬಂದ್ ಆದ್ದರಿಂದ ಹೊರರೋಗಿಗಳು ಯಾರೂ ಬಂದಿರಲಿಲ್ಲ. ವಾರ್ಡಿನಲ್ಲಿದ್ದವರು ಒಬ್ಬರೇ ಡಾಕ್ಟರು, ಹೆಂಗಸು. ಸುಕ್ಕುಸುಕ್ಕಾಗಿ ಮುದುಡಿದ ಹತ್ತಿ ಸೀರೆ, ಮೇಲೆ ಬಿಳಿ ಕೋಟು. ಅವರ ಬದಲಿಗೆ ಬರಬೇಕಾದವರು ಬರಲಾಗದೆ ಹಿಂದಿನ ದಿನದಿಂದ ಅಲ್ಲೇ ಇದ್ದರು ಅಂತ ಆಮೇಲೆ ತಿಳಿಯಿತು. ಬೇರೆಯವರಾದರೆ ಚೀಟಿ ನೋಡಿ, ಇಂಜೆಕ್ಷನ್ ಮುಂದುವರಿಸಿ ಅಂತ ಬರೆದು ಹೋಗಿಬಿಡುತ್ತಿದ್ದರೋ ಏನೋ. ಇವರು ಸ್ಟೂಲು ಎಳೆದುಕೊಂಡು ಕೂತರು.

"ದಾದಾ, ಈ ಹದಿನೈದು ಇಪ್ಪತ್ತು ದಿನದಲ್ಲಿ ಇವರು ಊರು ಬಿಟ್ಟು ಎಲ್ಲಿಗಾದರೂ ಹೋಗಿದ್ದರಾ?"

"ಇಲ್ಲ ದಿದಿ. ಹೋಟೆಲು, ಮನೆ. ಅಷ್ಟೇ."

ನಾನು ಸುಳ್ಳು ಹೇಳಲಿಲ್ಲ. ಎಲೆ ಕೊಯ್ಯಲು ಹೋಗುವುದು ನನ್ನ ಲೆಕ್ಕದಲ್ಲಿ ಎಲ್ಲಿಗೂ ಹೋಗುವುದಲ್ಲ. ಅದು ಕೆಲಸ.

ಮೈಯೆಲ್ಲ ನೋಡಬೇಕು ಅಂದರು. ನರ್ಸು ಲುಂಗಿ ಸಡಿಲಿಸಿ, ಸೊಂಟದಲ್ಲಿ ಬಿಗಿಯಾಗಿದ್ದ ಕರಿ ಉಡಿದಾರ ಕಂಡು ಕತ್ತರಿ ತೆಗೆದಳು. ಅಕ್ಕ ಅವಳ ಮಣಿಕಟ್ಟು ಹಿಡಿದುಬಿಟ್ಟಳು. ಅಕ್ಕನಿಗೆ ಬಂಗಾಳಿ ಬರುವುದು ತರಕಾರಿ ಕೊಳ್ಳುವಷ್ಟು. "ತುಂಡು ಮಾಡ್ಲಿಕ್ಕಿಲ್ಲ. ತುಂಡು ಮಾಡ್ಲಿಕ್ಕಿಲ್ಲ" ಅಂತ ಕನ್ನಡದಲ್ಲೇ ಹೇಳುತ್ತಾ ಅಳತೊಡಗಿದಳು. ನಮ್ಮಲ್ಲಿ ಗಂಡಸಿನ ಉಡಿದಾರ ಕತ್ತರಿಸುವುದು ಒಮ್ಮೆ ಮಾತ್ರ, ಅವನ ಹೆಣಕ್ಕೆ ಸ್ನಾನ ಮಾಡಿಸುವಾಗ. ನನ್ನ ಮಾರ್ಕೆಟಿನ ಬಂಗಾಳಿಯಲ್ಲಿ ಅದನ್ನು ಹೇಗೋ ಹೇಳಿದೆ. ನರ್ಸು ಗೊಣಗಿದಳು, "ಇವರದ್ದೊಂದು ದಾರ, ನಮಗೊಂದು ತೊಂದರೆ."

ಡಾಕ್ಟರು ನರ್ಸಿನ ಕೈಯಿಂದ ಕತ್ತರಿ ತೆಗೆದು ಜೇಬಿಗೆ ಹಾಕಿಕೊಂಡರು. ಅಕ್ಕನ ಕಡೆ ನೋಡಿ ತಲೆಯಾಡಿಸಿದರು. ಆಮೇಲೆ ಎರಡು ಬೆರಳಿನಿಂದ ಆ ದಾರವನ್ನು ಅಂಗುಲದಷ್ಟು ಮೇಲೆ ಸರಿಸಿದರು. ಅಷ್ಟೇ. ಕೆಳಗೆ ಆ ಕಪ್ಪು ಹಕ್ಕಳೆ ಇತ್ತು.

"ಇದೇನು?"

"ಎಣ್ಣೆ ಸಿಡಿದ ಗಾಯ ದಿದಿ. ನಾವು ಅಡಿಗೆಯವರು. ನೋಡಿ." ಅಂಗಿಯ ತೋಳು ಮಡಚಿ ಎರಡೂ ಕೈ ಮುಂದೆ ಹಿಡಿದೆ. ಆ ಹೊತ್ತಿನಲ್ಲೂ ನನಗೆ ಅದೊಂದು ಹೆಮ್ಮೆ.

ಅವರು ನಗಲಿಲ್ಲ, ಗದರಲೂ ಇಲ್ಲ. ನನ್ನ ಕೈಯನ್ನು ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. "ಇಷ್ಟು ಗಾಯ ನಾನು ಪುಸ್ತಕದಲ್ಲೂ ನೋಡಿಲ್ಲ. ಯಾವುದು ಯಾವುದರಿಂದ ಆದದ್ದು, ಹೇಳಿ ನೋಡೋಣ. ನನಗೆ ಗೊತ್ತಿಲ್ಲ, ನಿಮಗೆ ಗೊತ್ತು."

ನನಗೆ ಗೊತ್ತು ಅಂತ ಒಬ್ಬ ಡಾಕ್ಟರು ಹೇಳಿದ್ದು ಅದೇ ಮೊದಲು. ನಾನು ಶುರು ಮಾಡಿದೆ. ಇದು ಕಾವಲಿಯ ಅಂಚು ತಾಗಿದ್ದು, ಗೆರೆಯ ಹಾಗೆ ಉದ್ದಕ್ಕೆ ಇರುತ್ತದೆ. ಇದು ಇಡ್ಲಿ ಪಾತ್ರೆಯ ಹಬೆ, ಅಗಲಕ್ಕೆ ಕೆಂಪಾಗಿ, ಸಿಪ್ಪೆ ಏಳುತ್ತದೆ. ಇದು ಎಣ್ಣೆ. ಎಣ್ಣೆ ಒಂದೇ ಕಡೆ ಸಿಡಿಯುವುದಿಲ್ಲ, ಒಂದು ದೊಡ್ಡದಿದ್ದರೆ ಸುತ್ತ ನಾಲ್ಕು ಸಣ್ಣವು ಇರುತ್ತವೆ. ಮೊದಲು ಗುಳ್ಳೆ, ಆಮೇಲೆ ನೀರು, ಮೂರು ದಿನ ಬಟ್ಟೆ ತಾಗಿದರೆ ಜೀವ ಹೋಗುವಷ್ಟು ಉರಿ.

"ಬಟ್ಟೆ ತಾಗಿದರೆ?" ಅಂದರು ಅವರು.

"ಹೌದು, ಬಟ್ಟೆ..."

ಭಾವನ ಸೊಂಟ ನೋಡಿದೆ. ಒಂದೇ ಗುರುತು, ಉರುಟಾಗಿ, ಬೀಡಿಯಿಂದ ಚುಚ್ಚಿದ ಹಾಗೆ, ಕಪ್ಪಗೆ ಒಣಗಿ, ಸುತ್ತ ಕೆಂಪು ಬಳೆ. ಗುಳ್ಳೆ ಎದ್ದದ್ದನ್ನು ಯಾರೂ ನೋಡಿರಲಿಲ್ಲ. ಎಂಟು ದಿನ ಬಿಗಿ ದಾರ ಅದರ ಮೇಲೆಯೇ ಉಜ್ಜುತ್ತಿದ್ದರೂ ಭಾವ ಒಮ್ಮೆಯೂ ಉರಿ ಅಂದಿರಲಿಲ್ಲ. ಲುಂಗಿಯ ಮಡಿಕೆಯ ಒಳಗೆ ಎಣ್ಣೆ ಹೋಗುವುದಾದರೂ ಹೇಗೆ? ಅದೂ ಅಲ್ಲದೆ ಅವರನ್ನು ಬಾಣಲೆಯ ಹತ್ತಿರ ಬಿಡದವನು ನಾನೇ ಅಲ್ಲವೇ.

"ದಿದಿ, ಇದು ಸುಟ್ಟದ್ದಲ್ಲ" ಅಂದೆ.

"ಅಲ್ಲ" ಅಂದರು. "ಇವರು ಹುಲ್ಲಿನಲ್ಲಿ, ಪೊದೆಯಲ್ಲಿ ಕೂತಿದ್ದರಾ?"

ಆಗ ಬಾಳೆಎಲೆಯ ಕತೆ ಪೂರ್ತಿ ಹೇಳಿದೆ. ಅವರು ಭಾವನ ತೊಡೆಯ ಸಂದಿಯನ್ನು ಒತ್ತಿ ನೋಡಿ, ಗಂಟು ಕಟ್ಟಿದೆ ಅಂದರು. ಇಂಜೆಕ್ಷನ್ ನಿಲ್ಲಿಸಿದರು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು, ಆದರೆ ವರದಿ ಬರಲು ನಾಲ್ಕೈದು ದಿನ, ಅಷ್ಟು ಕಾಯುವ ಹಾಗಿಲ್ಲ ಅಂತ ಆಸ್ಪತ್ರೆಯಲ್ಲೇ ಇದ್ದ ಹಳೇ ಕಾಲದ ಔಷಧಿಯ ಕ್ಯಾಪ್ಸೂಲು ತಂದು, ಮೊದಲನೆಯದನ್ನು ನೀರಿನಲ್ಲಿ ತಾವೇ ನುಂಗಿಸಿದರು. ಆ ದೊಡ್ಡ ದೊಡ್ಡ ಇಂಜೆಕ್ಷನ್ನುಗಳ ಮುಂದೆ ಅದು ಮಕ್ಕಳಿಗೆ ಕೊಡುವ ಪೆಪ್ಪರಮಿಂಟಿನ ಹಾಗೆ ಕಂಡಿತು.

"ಇದರಿಂದ ಆಗುತ್ತದಾ ದಿದಿ?"

"ನಾನು ಅಂದುಕೊಂಡದ್ದೇ ಆಗಿದ್ದರೆ ಎರಡು ದಿನದಲ್ಲಿ ಜ್ವರ ಬಿಡಬೇಕು. ಬಿಡದಿದ್ದರೆ ನಾನು ತಪ್ಪು."

ಹೀಗೆ ಎರಡೂ ಮಾತನ್ನು ಒಟ್ಟಿಗೆ ಹೇಳುವ ಡಾಕ್ಟರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮಧ್ಯಾಹ್ನ ವಾರ್ಡಿನ ವರಾಂಡದಲ್ಲಿ, ಅವರು ಮುಡಿ ಎಂದು ಇಲ್ಲಿಯವರು ಕರೆಯುವ ಮಂಡಕ್ಕಿ ಮತ್ತು ಚಹಾ ತೆಗೆದುಕೊಂಡು ಕೂತಾಗ, ನಾನು ಕೇಳಿದೆ. ಅಷ್ಟು ಇಂಜೆಕ್ಷನ್ ಹೋದರೂ ಆಗದ್ದು ಈ ಗುಳಿಗೆಯಿಂದ ಹೇಗೆ? ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ಪೊದೆ ಹುಲ್ಲಿನಲ್ಲಿ ಉಣ್ಣಿಯ ಜಾತಿಯ ಒಂದು ಹುಳವಿದೆ, ಅದರ ಮರಿ ಕಣ್ಣಿಗೆ ಕಾಣದಷ್ಟು ಸಣ್ಣದು. ಅದು ಮೈಯೇರಿ, ಬಟ್ಟೆಯೋ ದಾರವೋ ಬಿಗಿಯಾಗಿರುವ ಕಡೆ ನಿಂತು ಕಚ್ಚುತ್ತದೆ. ಕಚ್ಚಿದ್ದೂ ಗೊತ್ತಾಗುವುದಿಲ್ಲ. ರೋಗ ತರುವುದು ಆ ಹುಳವಲ್ಲ, ಹುಳದೊಳಗಿರುವ ಬ್ಯಾಕ್ಟೀರಿಯಾ. ಈ ಬ್ಯಾಕ್ಟೀರಿಯಾ ಬೇರೆಯವುಗಳ ಹಾಗಲ್ಲ. ಲ್ಯಾಬಿನಲ್ಲಿ ತಟ್ಟೆಯಲ್ಲಿ ಏನೇ ಆಹಾರ ಇಟ್ಟು ಕರೆದರೂ ಬೆಳೆಯುವುದಿಲ್ಲ. ಜೀವ ಇರುವ ಕಣದ ಒಳಗೆ ಮಾತ್ರ ಬದುಕು. ಅದಕ್ಕೆ ಗೋಡೆ ಕೊರೆಯುವ ಕಷ್ಟವೂ ಇಲ್ಲ. ಹೋಗಿ ತಾಗಿದರೆ ಸಾಕು, ಕಣವೇ ಅದನ್ನು ತುತ್ತಿನ ಹಾಗೆ ನುಂಗಿಕೊಳ್ಳುತ್ತದೆ. ನುಂಗಿದ್ದನ್ನು ಕರಗಿಸುವ ಚೀಲವೊಂದು ಒಳಗಿದೆಯಂತೆ. ಇದು ಕರಗುವ ಮೊದಲೇ ಆ ಚೀಲ ಬಿಚ್ಚಿಕೊಂಡು ಹೊರಬಂದು, ಕಣದೊಳಗೇ ಸಂಸಾರ ಹೂಡುತ್ತದೆ.

"ನೀವು ಹಾಕಿಸಿದ ಇಂಜೆಕ್ಷನ್ ಹೊರಗೆ ರಕ್ತದಲ್ಲಿ ಕಾವಲು ತಿರುಗುತ್ತಿತ್ತು. ಕಳ್ಳ ಮನೆಯೊಳಗೆ ಮಲಗಿದ್ದ. ಈ ಕ್ಯಾಪ್ಸೂಲು ಒಳಗೆ ಹೋಗಬಲ್ಲದು."

ನಾನು ಹೇಳಿದೆ, "ಅಕ್ಕಿಯ ನುಸಿ."

"ಏನು?"

"ಅಕ್ಕಿ ಕಾಳಿನ ಒಳಗೇ ಮೊಟ್ಟೆ ಇಡುವ ನುಸಿ ಉಂಟು ದಿದಿ. ಮೇಲಿಂದ ನೋಡಿದರೆ ಕಾಳು ಚೆನ್ನಾಗಿಯೇ ಇರುತ್ತದೆ. ಏಳು ನೀರಲ್ಲಿ ತೊಳೆದರೂ ಹೋಗುವುದಿಲ್ಲ. ಗೇರಿದರೂ ಹೋಗುವುದಿಲ್ಲ. ಒಳಗೆ ತಿಂದು ತೂತು ಮಾಡಿ ಹೊರಗೆ ಬಂದ ಮೇಲೆಯೇ ನಮಗೆ ಗೊತ್ತಾಗುವುದು. ಬಿಸಿಲಿಗೆ ಹಾಕಿದರೆ ಮಾತ್ರ, ಕಾವು ಕಾಳಿನ ಒಳಗೆ ಹೋಗುತ್ತದೆ."

ಅವರು ಮುಡಿ ತಿನ್ನುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಅದೇ. ಸರಿಯಾಗಿ ಅದೇ" ಅಂದರು.

ನಿಜ ಹೇಳಬೇಕೆಂದರೆ, ಭಾವನನ್ನು ಕೊಲ್ಲಲು ಬಂದದ್ದಾದರೂ ಆ ಕಣ್ಣಿಗೆ ಕಾಣದ ಪ್ರಾಣಿಯ ಕಸಬಿಗೆ ನಾನು ತಲೆದೂಗಿದೆ. ಯಜಮಾನನಿಂದಲೇ ಬಾಗಿಲು ತೆಗೆಸಿ ಒಳಗೆ ಹೋಗುವುದು ಸಾಮಾನ್ಯ ಬುದ್ಧಿಯಲ್ಲ. ಅಂಥದ್ದನ್ನು ಬೆನ್ನಟ್ಟಿ ಹೋಗಿ, ಎಲ್ಲಿ ಅಡಗಿದೆ, ಯಾವುದಕ್ಕೆ ಸಾಯುತ್ತದೆ ಅಂತ ಕಂಡುಹಿಡಿದವರ ಬುದ್ಧಿ ಇನ್ನೆಂಥದ್ದಿರಬೇಕು.

ಇದನ್ನೆಲ್ಲ ಎಲ್ಲಿ ಕಲಿತಿರಿ ಅಂತ ಕೇಳಿದೆ. ಅವರ ಮೊದಲ ಪೋಸ್ಟಿಂಗು ಉತ್ತರದಲ್ಲಿ, ಬೆಟ್ಟದ ಬುಡದ ಚಹಾ ತೋಟಗಳ ಹತ್ತಿರವಂತೆ. ಎಲೆ ಕೀಳುವ ಒಬ್ಬಳನ್ನು ಜ್ವರದಲ್ಲಿ ತಂದಿದ್ದರು. ಅವರೂ ಟೈಫಾಯಿಡ್ ಅಂದುಕೊಂಡರು. "ಅವಳು ತೀರಿಹೋದ ಮೇಲೆ ಅಲ್ಲಿಯ ಹಳೇ ಕಾಂಪೌಂಡರು ಅವಳ ತೋಳು ಎತ್ತಿ ಕಂಕುಳು ತೋರಿಸಿದ. ಇಂಥದ್ದೇ ಗುರುತು. ನಾನು ಅಲ್ಲಿ ನೋಡಿಯೇ ಇರಲಿಲ್ಲ." ಇಷ್ಟು ಹೇಳಿ ಚಹಾದ ಮಣ್ಣಿನ ಕುಡಿಕೆಯನ್ನು ಕೆಳಗಿಟ್ಟು ವಾರ್ಡಿಗೆ ಹೋದರು.

ಮರುದಿನ ಜ್ವರ ಹಾಗೆಯೇ ಇತ್ತು. ಅಕ್ಕ ನೀರೂ ಮುಟ್ಟಲಿಲ್ಲ. ಉಡಿದಾರದ ಗಂಟನ್ನು ಹಿಡಿದುಕೊಂಡೇ ಕೂತಿದ್ದಳು. ಬದಲಿ ಡಾಕ್ಟರು ಬಂದಿದ್ದರೂ ಇವರು ಮನೆಗೆ ಹೋಗಿ ಸ್ನಾನ ಮಾಡಿ ಸಂಜೆಗೆ ತಿರುಗಿ ಬಂದರು. ಥರ್ಮಾಮೀಟರು ನೋಡಿ, ಜಾಡಿಸಿ, ಮತ್ತೊಮ್ಮೆ ಇಟ್ಟು ನೋಡಿದರು. ಅವರ ಮುಖದಲ್ಲಿ ಆ ಚಹಾ ತೋಟದ ಹೆಂಗಸು ಇದ್ದಳು ಅಂತ ನನಗೆ ಅನ್ನಿಸಿತು.

ಮೂರನೆಯ ದಿನ ಬೆಳಿಗ್ಗೆ ನಾನು ಹೋಟೆಲಿನಿಂದ ಅಕ್ಕನಿಗೆ ಅನ್ನ ಸಾಂಬಾರು ತೆಗೆದುಕೊಂಡು ಹೋದೆ. ಭಾವನ ಅಂಗಿ, ದಿಂಬು ಎಲ್ಲ ಬೆವರಿನಿಂದ ಒದ್ದೆಯಾಗಿತ್ತು. ಹಣೆ ಮುಟ್ಟಿದೆ. ತಣ್ಣಗಿತ್ತು. ಮೂಗಿನ ಹತ್ತಿರ ಬೆರಳು ಹಿಡಿದೆ. ಆಗ ಭಾವ ಕಣ್ಣು ಬಿಟ್ಟು ಡಬ್ಬಿಯ ಕಡೆ ನೋಡಿದರು.

"ಸಾಂಬಾರು ಯಾರು ಮಾಡಿದ್ದು?"

"ನಾನೇ ಭಾವ."

"ವಾಸನೆಗೇ ಗೊತ್ತಾಯ್ತು. ಹುಳಿ ಹೆಚ್ಚಾಗಿದೆ."

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ವರಾಂಡಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ.

ರಕ್ತದ ವರದಿ ಆಮೇಲೆ ಬಂತು. ಡಾಕ್ಟರು ಹೇಳಿದ್ದೇ, ಸ್ಕ್ರಬ್ ಟೈಫಸ್. ಭಾವನನ್ನು ಮನೆಗೆ ಕಳಿಸುವ ಮುಂಚಿನ ದಿನ ಅವರು ಏಳೆಂಟು ವಿದ್ಯಾರ್ಥಿಗಳನ್ನು ಕರೆದುಕೊಂಡು ಹಾಸಿಗೆಯ ಹತ್ತಿರ ಬಂದರು. ದಾರವನ್ನು ಮೊದಲಿನ ಹಾಗೇ ಎರಡು ಬೆರಳಿನಿಂದ ಸರಿಸಿ ಗುರುತು ತೋರಿಸಿದರು. ಒಬ್ಬ ಹುಡುಗ ಕನ್ನಡಕ ಸರಿಮಾಡಿಕೊಂಡು, "ಸುಟ್ಟಗಾಯ ಇರಬಹುದಲ್ಲ ಮ್ಯಾಡಂ?" ಅಂತ ಕೇಳಿದ.

ಅವರು ನನ್ನ ಕಡೆ ತಿರುಗಿದರು. "ದಾದಾ, ಅಂದು ನನಗೆ ಹೇಳಿದ್ದನ್ನು ಇವರಿಗೂ ಹೇಳಿ. ನಿಧಾನಕ್ಕೆ. ಬರೆದುಕೊಳ್ಳಲಿ."

ನಾನು ತೋಳು ಮಡಚಿದೆ. ಕಾವಲಿಯದ್ದು, ಹಬೆಯದ್ದು, ಎಣ್ಣೆಯದ್ದು ಒಂದೊಂದಾಗಿ ತೋರಿಸಿದೆ. ಆಮೇಲೆ ಯಾರೂ ಕೇಳದಿದ್ದರೂ ಇನ್ನೊಂದು ಮಾತು ಸೇರಿಸಿದೆ, "ಮೊದಲು ನಾನೂ ಇದನ್ನು ಎಣ್ಣೆಯದ್ದು ಅಂತಲೇ ಹೇಳಿದ್ದೆ. ಬಾಗಿಲಲ್ಲಿ ನಿಂತು ಹೇಳಿದ್ದೆ. ಹತ್ತಿರ ಹೋಗಿ ನೋಡಿರಲಿಲ್ಲ." ಪೆನ್ನುಗಳು ಓಡುತ್ತಿದ್ದವು. ಆ ಕನ್ನಡಕದ ಹುಡುಗ ಈ ಕೊನೆಯ ಮಾತನ್ನೂ ಬರೆದುಕೊಂಡ.

ಅವರೆಲ್ಲ ಮುಂದಿನ ಹಾಸಿಗೆಗೆ ಹೋದ ಮೇಲೆ ಭಾವ ದಾರವನ್ನು ಸರಿಯಾದ ಜಾಗಕ್ಕೆ ಎಳೆದುಕೊಂಡರು.

"ಒಳ್ಳೆ ಕತೆ ಮಾರಾಯ. ಸೊಂಟ ನನ್ನದು, ಮೇಷ್ಟ್ರು ನೀನು."

"ಎಲೆಗೆ ಇನ್ನು ನೀವು ಹೋಗುದು ಬೇಡ ಭಾವ. ತುಂಡು ಎಲೆಯಲ್ಲೇ ಬಡಿಸುವ."

"ಹೋಗುದೇ. ಪ್ಯಾಂಟು ಹಾಕಿಕೊಂಡು, ಹುಲ್ಲಲ್ಲಿ ಕೂರದೆ, ಬಂದ ಕೂಡಲೇ ಸ್ನಾನ ಮಾಡಿದ್ರೆ ಸಾಕು ಅಂತ ನಿನ್ನ ದಿದಿಯೇ ಹೇಳಿದ್ದಾರೆ. ಕೇಳಿ ಇಟ್ಟುಕೊಂಡಿದ್ದೇನೆ."

ಹೋದರು ಕೂಡ. ನನ್ನ ಹಳೇ ಪ್ಯಾಂಟು ಹಾಕಿಕೊಂಡು, ಅದರ ತುದಿಯನ್ನು ಕಾಲುಚೀಲದ ಒಳಗೆ ತುರುಕಿಕೊಂಡು, ಕತ್ತಿ ಹಿಡಿದು ಬಸ್ಸು ಹತ್ತುವ ಅವರನ್ನು ನೋಡಿ ಕ್ಲಬ್ಬಿನವರು ಸಲಾಂ ಹೊಡೆಯುತ್ತಿದ್ದರು. ತಿರುಗಿ ಬಂದ ಮೇಲೆ ಅಕ್ಕ ಅವರನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಕಿವಿಯ ಹಿಂದಿನಿಂದ ಹಿಮ್ಮಡಿವರೆಗೆ ನೋಡಿ, ಕೊನೆಗೆ ಎರಡು ಬೆರಳಿನಿಂದ ಉಡಿದಾರ ಸರಿಸುತ್ತಿದ್ದಳು. ನಾನು ಹೊರಗೆ ಕೂತು ಎಲೆಯ ಸುರುಳಿ ಬಿಚ್ಚುತ್ತಿದ್ದೆ. "ಎಂತದೂ ಇಲ್ಲ" ಅಂತ ಅಕ್ಕ ಒಳಗಿನಿಂದ ಹೇಳುವವರೆಗೆ ನಾನು ಒಂದು ಎಲೆಯನ್ನೂ ಒರೆಸುತ್ತಿರಲಿಲ್ಲ.